ಬಾಡಿದ ವೀಳ್ಯ

ನಮ್ಮ ಮೇಡ್ಲೇರಿಯಲ್ಲಿ ಮೊಹರಂ ಬಂತೆಂದರೆ ಮಸೂತಿಯ ಮುಂದಿನ ಅಲಾವಿ ಕುಣಿಗೆ ಮೊದಲ ಗುದ್ದಲಿ ಹಾಕುತ್ತಿದ್ದವನು ನಮ್ಮಪ್ಪ ಹೊಳಿಯಪ್ಪ. ಚಂದ್ರ ಕಂಡ ಮರುದಿನ ಮುಲ್ಲಾ ಮೌಲಾಸಾಬ ಕಾಕಾ ಎಲೆ-ಅಡಿಕೆ ಹಿಡಿದು ನಮ್ಮ ಮನೆಗೆ ಬಂದು ಕರೆಯಬೇಕು, ಅಪ್ಪ ಆ ವೀಳ್ಯ ಹಾಕಿಕೊಂಡು ಹೊರಡಬೇಕು. ಬೆಂಕಿ ಹಾಕುವ ಆ ಕುಣಿಯನ್ನು ಹಿಂದೂ ಮನೆಯವರೇ ತೋಡಬೇಕೆಂದು ಯಾವ ಹಿರಿಯರು ಗೊತ್ತುಮಾಡಿದರೋ, ಅವರ ಹೊಟ್ಟೆ ತಣ್ಣಗಿರಲಿ.

ಎರಡು ಸಲ ಬಸಿರು ನಿಲ್ಲದೆ ಅತ್ತತ್ತು ಸಾಕಾದಾಗ ನಾನು ಅಲಾವಿ ದೇವರಿಗೆ ಹರಕೆ ಹೊತ್ತಿದ್ದೆ. ಕೂಸು ಉಳಿದರೆ ಆ ಕುಣಿಯ ಮುಂದೆಯೇ ಹೆಸರಿಡಿಸುತ್ತೇನೆ ಎಂದು. ಉಳಿಯಿತು, ಗಂಡುಮಗ. ತೆವಳುವಷ್ಟು ದೊಡ್ಡವನಾದರೂ ಅವನಿಗೆ ಹೆಸರಿರಲಿಲ್ಲ. ಗಂಡನ ಊರು ಅಗಡಿಯಲ್ಲಿದ್ದ ನಮ್ಮತ್ತೆ, "ಈ ಮೊಹರಂ ದಾಟಿದ್ರ ನಾವ ಹೆಸರ ಇಡತೇವಿ, ನಿನ್ನ ಹರಕಿ ಕಟಗೊಂಡು ನಮಗೇನಾಗಬೇಕು?" ಎಂದು ಕಡ್ಡಿ ಮುರಿದಂತೆ ಹೇಳಿದ್ದರು. ಹರಕೆ ತಪ್ಪಿದರೆ ಕೂಸಿಗೇನಾದರೂ ಆದೀತೆಂದು ನನ್ನ ಜೀವ ಹಾರುತ್ತಿತ್ತು.

ಅದು ೨೦೦೪. ಹಬ್ಬ ಹತ್ತಿರ ಬಂದಾಗಲೇ ರಾಣೆಬೆನ್ನೂರಿನ ಪೇಟೆಯಲ್ಲಿ ಹಿಂದೂ-ಮುಸ್ಲಿಂ ಹುಡುಗರು ಬಾವುಟ ಕಟ್ಟುವ ವಿಷಯಕ್ಕೆ ತಲೆ ಒಡೆದುಕೊಂಡರು. ಪಟ್ಟಿ ಕಟ್ಟಿಸಿಕೊಂಡು ಬಂದವರಲ್ಲಿ ನಮ್ಮೂರ ಎರಡೂ ಕಡೆಯವರಿದ್ದರು. ಚಂದ್ರ ಕಂಡ. ಕಾಕಾ ಬರಲಿಲ್ಲ. ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ.

"ಅವಂಗ ನಾವು ಬ್ಯಾಡಾಗೇವಿ. ಕರೀದ ಹೋಗಾಕ ನಾ ಏನು ಬಿಟ್ಟಿ ಬಿದ್ದೇನೇನು?" ಎಂದು ಅಪ್ಪ ಕಟ್ಟೆಯ ಮೇಲೆ ಮುಖ ಊದಿಸಿಕೊಂಡು ಕುಳಿತ.

ನಮ್ಮವ್ವ ಉಚ್ಚಂಗೆವ್ವ ಅಂಥದ್ದಕ್ಕೆಲ್ಲ ಸೊಪ್ಪು ಹಾಕುವವಳಲ್ಲ. ಕೂಸನ್ನು ಬಗಲಿಗೇರಿಸಿಕೊಂಡು ಸೀದಾ ಕಾಕಾನ ಮನೆಗೆ ನಡೆದಳು, ನಾನು ಅವಳ ಬೆನ್ನಿಗೆ. ಅಲ್ಲಿ ಗೋಡೆಯ ಗೂಡಿನಲ್ಲಿ ಒಂದು ತಾಟು, ತಾಟಿನಲ್ಲಿ ಅಡಿಕೆ ಮತ್ತು ಬಾಡಿ ಮುದುಡಿದ ಎಲೆ.

"ಯಣ್ಣಾ, ಏನಿದು?" ಅಂದಳು ಅವ್ವ.

"ಚಾಂದ ಕಂಡ ದಿನಾನ ತಂದಿಟ್ಟೇನಿ, ತಂಗಿ. ನಿಮ್ಮ ಓಣಿ ತನಕಾ ಬಂದು ಬಂದು ಹೊಳ್ಳಿ ಹೋಗೇನಿ. ಹೊಳಿಯಪ್ಪ ಒಲ್ಲೆ ಅಂದಬಿಟ್ರ ಈ ಊರಾಗ ಯಾವ ಮಾರಿ ಹೊತ್ತು ತಿರುಗಲಿ?"

"ಅಯ್ಯ ನಿಮ್ಮ! ಒಬ್ಬಾಂವ ಅಲ್ಲಿ ಕುಂತಾನ, ಒಬ್ಬಾಂವ ಇಲ್ಲಿ. ನನ್ನ ಮೊಮ್ಮಗ ಹೆಸರಿಲ್ಲದ ಬೆಳೀಬೇಕೇನು? ಏಳು ಮ್ಯಾಲೆ."

"ತಡಿ, ಹೊಸಾ ಎಲಿ ತರತೇನಿ."

"ಏನೂ ಬ್ಯಾಡ. ಇದನ್ನ ತೊಗೊಂಡು ನಡಿ."

ಅಪ್ಪನಿಗೆ ಎಲೆಯಲ್ಲಿ ಒಂದು ಚುಕ್ಕೆ ಕಂಡರೂ ಬಿಸಾಡುವ ಚಟ. ನಮ್ಮ ಮನೆಯ ಬಾಗಿಲಲ್ಲಿ ನಿಂತ ಕಾಕಾ ತಾಟು ಮುಂದೆ ಚಾಚಿದ. ಅಪ್ಪ ಒಂದು ಎಲೆ ಎತ್ತಿ ನೋಡಿದ.

"ಯಾವಾಗಿಂದಿದು?"

"ಚಾಂದ ಕಂಡ ದಿನದ್ದು."

ಅಪ್ಪ ಆ ಒಣಕಲು ಎಲೆಗೇ ಸುಣ್ಣ ಹಚ್ಚಿ, ಅಡಿಕೆ ಸೇರಿಸಿ ಬಾಯಿಗಿಟ್ಟುಕೊಂಡು ಅಗಿಯತೊಡಗಿದ. ಅವನ ಕಣ್ಣುಗಳು ತುಂಬಿದ್ದವು.

"ಹುಚ್ಚ ಅದೀಯೋ ಮೌಲಾ. ನಾ ಒಲ್ಲೆ ಅಂತಿದ್ನೇನು?"

"ನನಗೇನು ಗೊತ್ತು? ಪ್ಯಾಟ್ಯಾಗ ಅಷ್ಟೆಲ್ಲಾ ಆದಮ್ಯಾಲೆ..."

"ಬಂದು ಕೇಳಬೇಕಿತ್ತಿಲ್ಲೋ?"

"ನೀನರ ಬಂದು ಕೇಳಬೇಕಿತ್ತು!"

ಮಸೂತಿಯವರೆಗೂ ಇಬ್ಬರೂ ಜಗಳಾಡುತ್ತಲೇ ಹೋದರು. ಅಪ್ಪನ ಹೆಗಲ ಮೇಲೆ ಗುದ್ದಲಿ, ದಾರಿಯುದ್ದಕ್ಕೂ ಬಾಗಿಲಿಗೆ ಬಂದು ನಿಂತ ಜನ. ಅಷ್ಟು ಹಿತವಾದ ಜಗಳ ನಾನು ಮತ್ತೆ ಕೇಳಿಲ್ಲ. ಈಗ ಇಬ್ಬರೂ ಇಲ್ಲ. ಎಲ್ಲಾದರೂ ಲೋಬಾನದ ಹೊಗೆಯ ವಾಸನೆ ಬಂದರೆ ಸಾಕು, ಆ ಎರಡು ದನಿ ಕೇಳಬೇಕೆಂದು ಕರುಳು ಕಿತ್ತು ಬರುತ್ತದೆ.

ಅಪ್ಪ ಗುದ್ದಲಿ ಹಾಕಿದ. ತಲೆಗೆ ಪಟ್ಟಿ ಕಟ್ಟಿಕೊಂಡಿದ್ದ ಹುಡುಗರೂ ಬಂದು ಮಣ್ಣೆತ್ತಿದರು. ಕಾಕಾ ಕೂಸಿನ ಕೊರಳಿಗೆ ದೇವರ ಕೆಂಪು ದಾರದ ಲಾಡಿ ಕಟ್ಟಿ, ಬಗ್ಗಿ ಅದರ ಕಿವಿಯಲ್ಲಿ, "ಫಕ್ಕೀರಪ್ಪ" ಅಂದ. ಅದು ಗಬಕ್ಕನೆ ಅವನ ಗಡ್ಡ ಹಿಡಿದುಕೊಂಡಿತು. ಎಲ್ಲರೂ ನಗುತ್ತಿದ್ದರು, ನನಗೆ ಮಾತ್ರ ಅಳು ತಡೆಯಲಾಗಲಿಲ್ಲ.

"ಬಿಡೋ ಫಕ್ಕೀರಪ್ಪಾ, ಅಜ್ಜಗ ನೋಯತೈತಿ," ಅಂದೆ. ನನ್ನ ಮಗನನ್ನು ನಾನು ಹೆಸರು ಹಿಡಿದು ಕರೆದದ್ದು ಅದೇ ಮೊದಲು.