ಹುಚ್ಚವ್ವನ ಮೊಮ್ಮಗ

ಸಾವಿರದ ಒಂಬೈನೂರ ಎಪ್ಪತ್ತಾರರ ಚಳಿಗಾಲ. ಝಳಕಿಯ ಕುರಿಗಾರ ರೇವಣಪ್ಪನಿಗೆ ಬಹಳ ವರ್ಷ ಕಾಯ್ದ ಮೇಲೆ ಗಂಡು ಕೂಸು ಹುಟ್ಟಿತ್ತು. ಅವನ ತಾಯಿ ಹುಚ್ಚವ್ವ ಮೊಮ್ಮಗನನ್ನು ತೊಡೆಯಿಂದ ಇಳಿಸುತ್ತಿರಲಿಲ್ಲ. ತನಗೆ ನೆಗಡಿ, ಕೆಮ್ಮು ಹತ್ತಿದಾಗಲೂ ಕೂಸಿಗೆ ಮುತ್ತಿಡದೆ ಆಕೆಗೆ ಹೊತ್ತು ಹೋಗುತ್ತಿರಲಿಲ್ಲ.

ಮೊದಲು ಕೂಸಿನ ಮೂಗು ಸೋರಿತು. ಆಮೇಲೆ ಉಸಿರು ಜೋರಾಯಿತು. ಉಸಿರೆಳೆದಾಗಲೆಲ್ಲ ಪಕ್ಕೆಲುಬಿನ ನಡುವೆ ಚರ್ಮ ಒಳಗೆ ಜಗ್ಗುತ್ತಿತ್ತು. ಮೊಲೆ ಬಾಯಿಗಿಟ್ಟರೆ ಒಂದೆರಡು ಗುಟುಕಿಗೇ ಏದುತ್ತ ಬಿಡುತ್ತಿತ್ತು. ಹುಚ್ಚವ್ವ ಬಳೆಚೂರು ಕಾಸಿ ಹೊಟ್ಟೆಗೆ ಬರೆ ಕೊಡೋಣ ಎಂದಳು. ತನ್ನ ಮಕ್ಕಳಿಗೆಲ್ಲ ಕೊಟ್ಟಿದ್ದಳು. ರೇವಣಪ್ಪನ ಹೊಟ್ಟೆಯ ಮೇಲೆ ಇನ್ನೂ ಕಲೆಯಿತ್ತು. ಅವನು ಆಗ ಕುರಿ ಹಿಂಡಿನ ಜೊತೆ ದೂರ ಹೋಗಿದ್ದ. ಅತ್ತೆಯ ಮುಂದೆ ಎಂದೂ ದನಿ ಎತ್ತದ ಸೊಸೆ ಕಸ್ತೂರೆವ್ವ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡಳು.

“ಇಷ್ಟ ಎಳಿ ಮೈಗೆ ಬೆಂಕಿ ಮುಟ್ಟಸಾಕ ನಾ ಬಿಡೂದಿಲ್ರಿ ಅತ್ತಿ,” ಎಂದವಳೇ ಸಡಕಿನತ್ತ ನಡೆದಳು.

ಹುಚ್ಚವ್ವ ಬಯ್ಯುತ್ತಲೇ ಬೆನ್ನು ಹತ್ತಿದಳು. ವಿಜಾಪುರಕ್ಕೆ ಉಳ್ಳಾಗಡ್ಡಿ ಒಯ್ಯುತ್ತಿದ್ದ ಲಾರಿಯ ಡ್ರೈವರ್ ಬಂದೇನವಾಜ ಇಬ್ಬರನ್ನೂ ಹತ್ತಿಸಿಕೊಂಡು ದವಾಖಾನೆಯ ಬಾಗಿಲಿಗೇ ಬಿಟ್ಟ.

ಡಾಕ್ಟರ್ ಸುಮಿತ್ರಾಬಾಯಿ ಕೂಸಿನ ಮೂಗಿನ ಸಿಂಬಳ ತೆಗೆಸಿ ಆಕ್ಸಿಜನ್ ಹಚ್ಚಿಸಿದರು. ತಾಯಿಯ ಹಾಲನ್ನು ಹಿಂಡಿಸಿ, ಸಣ್ಣ ನಳಿಕೆಯಿಂದ ಹೊಟ್ಟೆಗೆ ಇಳಿಸಿದರು. ದೊಡ್ಡವರಿಗೆ ಬರೀ ನೆಗಡಿಯಾಗಿ ಹೋಗುವ ರೋಗ ಎಳೆಗೂಸಿನ ಎದೆಯಲ್ಲಿ ಉಸಿರಿನ ದಾರಿಯನ್ನೇ ಕಟ್ಟುತ್ತದೆ, ಇದನ್ನು ಕೊಲ್ಲುವ ಔಷಧ ಇಲ್ಲ, ಉಸಿರಿಗೂ ಹಾಲಿಗೂ ಆಸರೆ ಕೊಟ್ಟು ಕಾಯಬೇಕು ಎಂದು ಬಿಡಿಸಿ ಹೇಳಿದರು. ಮನೆಯಲ್ಲಿ ಯಾರಿಗೆ ನೆಗಡಿಯಿತ್ತೆಂದು ಕೇಳಿದರು.

ಹುಚ್ಚವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ನನ್ನಿಂದನ ಬಂತೇನ್ರಿ ಬಾಯಾರ?”

“ಬಂದಿರಬಹುದು ಯವ್ವಾ. ಆದ್ರ ನಿಮಗ ಇದನ್ನ ಯಾರೂ ಹೇಳಿರ್ಲಿಲ್ಲಲ್ಲ,” ಎಂದರು ಸುಮಿತ್ರಾಬಾಯಿ.

ಆವತ್ತಿನಿಂದ ಹುಚ್ಚವ್ವ ದವಾಖಾನೆಯ ಹೊರಗಿನ ಪಡಸಾಲೆಯಲ್ಲೇ ಕೂತಳು. ಸೊಸೆ ರೊಟ್ಟಿ ತಂದುಕೊಟ್ಟರೆ ಮುರಿದು ಹಾಗೇ ಇಡುತ್ತಿದ್ದಳು. ಒಳಗೆ ಕೂಸು ಒಮ್ಮೆ ನೀಲಿಗಟ್ಟಿ ಎಲ್ಲರ ಜೀವ ಹಾರಿಸಿತು. ಮತ್ತೆ ಚೇತರಿಸಿಕೊಂಡಿತು. ದಿನ ಕಳೆದಂತೆ ಪಕ್ಕೆ ಜಗ್ಗುವುದು ಕಡಿಮೆಯಾಗಿ, ಒಂದು ಮುಂಜಾನೆ ಅದು ತಾನಾಗಿ ಮೊಲೆ ಹಿಡಿದು ಹೊಟ್ಟೆ ತುಂಬ ಕುಡಿಯಿತು.

ಕಸ್ತೂರೆವ್ವ ಹೊರಗೆ ಬಂದು ಅತ್ತೆಯ ಮಗ್ಗುಲಲ್ಲಿ ಕೂತು ಸುದ್ದಿ ಹೇಳಿದಳು. ಹುಚ್ಚವ್ವ ಅತ್ತಳು, ಆದರೆ ಒಳಗೆ ಬರಲು ಒಪ್ಪಲಿಲ್ಲ.

“ಕೈ ತೊಳಕೊಂಡು ಬರ್ರಿ ಅತ್ತಿ. ಮುತ್ತು ಬ್ಯಾಡ, ಕಾಲಷ್ಟ ಮುಟ್ರಿ.”

ಹುಚ್ಚವ್ವ ಮೊಣಕೈವರೆಗೂ ಸಬಕಾರ ತಿಕ್ಕಿ ತೊಳೆದಳು. ಬಾಯಿಗೆ ಸೆರಗು ಕಟ್ಟಿಕೊಂಡು ಒಳಗೆ ಬಂದು, ಮಲಗಿದ್ದ ಕೂಸಿನ ಪಾದವನ್ನು ಮುಷ್ಟಿಯಲ್ಲಿ ಮೆಲ್ಲಗೆ ಹಿಡಿದಳು.