ಸಾಧು ಸ್ವಭಾವದ್ದೇ ಬೇಕು

"ಹೆಡೆ ಇಲ್ವಾ ಇದಕ್ಕೆ?"

ಕೇಳಿದವರು ದಾಕ್ಷಾಯಣಮ್ಮ. ಆಸ್ಟ್ರೇಲಿಯಾದ ಪರ್ತ್ ನಗರದಂಚಿನ ಜೂಂಡಲಪ್ಪಿನ ಒಂದು ಮನೆಯ ಗ್ಯಾರೇಜಿನಲ್ಲಿ, ಸಾಲಾಗಿ ಜೋಡಿಸಿಟ್ಟ ಗಾಜಿನ ಪೆಟ್ಟಿಗೆಗಳ ಮುಂದೆ, ರೇಷ್ಮೆ ಸೀರೆಯ ಮೇಲೆ ಮಗನ ಜಾಕೆಟ್ ತೊಟ್ಟು, ಮುಗಿದ ಕೈ ಇಳಿಸದೆಯೇ ಕೇಳಿದರು. ಬದನೆಕಾಯಿ ಆರಿಸುವಾಗಲೂ ಅವರ ಧಾಟಿ ಇದೇ.

"ಹೆಡೆ ಇದ್ದದ್ದು ಸಾಕ್ಲಿಕ್ಕೆ ಆಗುದಿಲ್ಲ ಆಂಟಿ. ಅದು ಒಮ್ಮೆ ಕಚ್ಚಿದ್ರೆ ಮುಗೀತು," ಎಂದ ಪ್ಲಾಸಿಡ್. ಮೂಲ್ಕಿಯವನು, ಬಹರೇನಿನಲ್ಲಿ ಹನ್ನೆರಡು ವರ್ಷ ಏಸಿ ರಿಪೇರಿ ಮಾಡಿ ಪರ್ತಿಗೆ ಬಂದವನು. ಈಗ ಹಾವು ಸಾಕಿ ಮಾರುತ್ತಾನೆ. ಕನ್ನಡ ಮಾತಾಡುವ ಗಿರಾಕಿಗಳು ಅವನಿಗೆ ಸಿಕ್ಕಿದ್ದು ಇದೇ ಮೊದಲು. ಖುಷಿಯಾಗಿದ್ದ, ಪಾಪ.

ಅತ್ತೆ, ಮಗ, ಸೊಸೆ ಮೂವರೂ ಊರಿನ ಇನ್ನೊಂದು ತುದಿಯ ಕ್ಯಾನಿಂಗ್ ವೇಲಿನಿಂದ ಅಷ್ಟು ದೂರ ಕಾರಿನಲ್ಲಿ ಬಂದದ್ದು ಒಂದು ಹಾವು ಆರಿಸಲು. ಸೊಸೆ ಪ್ರಣತಿಗೆ ಮದುವೆಯಾಗಿ ಏಳು ವರ್ಷ, ಮಕ್ಕಳಿಲ್ಲ. ಮೈಸೂರಿನ ಜೋಯಿಸರು ಫೋನಿನಲ್ಲೇ ಜಾತಕ ನೋಡಿ ಸರ್ಪದೋಷ ಎಂದಿದ್ದರು. ನಾಗರಕಲ್ಲು ಪ್ರತಿಷ್ಠೆ ಮಾಡಿ ಸೊಸೆಯಿಂದ ಒಂದು ಮಂಡಲ, ಅಂದರೆ ನಲವತ್ತೆಂಟು ದಿನ, ಸೇವೆ ಮಾಡಿಸಿ ಎಂದಿದ್ದರು. ಕ್ಯಾನಿಂಗ್ ವೇಲಿನಲ್ಲಿ ಅಶ್ವತ್ಥಕಟ್ಟೆಯನ್ನು ಎಲ್ಲಿಂದ ತರೋಣ? ಅದೇ ಚಿಂತೆಯಲ್ಲಿ ಅಮ್ಮ ಕೂತಿದ್ದಾಗ ಮಗ ಉದಯಶಂಕರ ತಮಾಷೆಗೆ, "ಕಲ್ಲು ಯಾಕಮ್ಮ, ಇಲ್ಲಿ ಲೈಸೆನ್ಸ್ ತಗೊಂಡ್ರೆ ಜೀವಂತ ಹಾವೇ ಸಿಗತ್ತೆ" ಎಂದುಬಿಟ್ಟ. ಅಮ್ಮನ ಹತ್ತಿರ ಇಂಥ ತಮಾಷೆ ಆಡಬಾರದು ಎಂಬ ಬುದ್ಧಿ ನಲವತ್ತು ವರ್ಷಕ್ಕೂ ಬರದಿದ್ದರೆ ಇನ್ಯಾವಾಗ ಬರಬೇಕು! ದಾಕ್ಷಾಯಣಮ್ಮ ನೆಟ್ಟಗೆ ಕೂತರು. ಕಲ್ಲಿಗಿಂತ ಸಾಕ್ಷಾತ್ ನಾಗಪ್ಪನೇ ಮೇಲಲ್ಲವೇ? ವಾರದೊಳಗೆ ಲೈಸೆನ್ಸೂ ಬಂತು, ಪ್ರಣತಿಯ ಹೆಸರಿನಲ್ಲಿ. ತನ್ನ ಹೆಸರಿನಲ್ಲಿ ಮಾಡಿಸಿದರೆ ಆಫೀಸಿನವರು ನಗುತ್ತಾರೆ ಎಂದು ಉದಯಶಂಕರ ನುಣುಚಿಕೊಂಡಿದ್ದ.

"ಮರಿ ಬೇಡ. ಮರಿಗೆ ಹೆದರಿಕೆ ಜಾಸ್ತಿ, ಸುಮ್ಮಸುಮ್ಮನೆ ಕಚ್ತದೆ. ಎರಡು ವರ್ಷದ್ದು ತಗೊಳ್ಳಿ. ಸರಿಯಾಗಿ ತಿಂತದಾ ಅಂತ ಕೇಳ್ಬೇಕು, ಹಿಡಿದಾಗ ಮೈ ಬಿಗಿ ಮಾಡ್ತದಾ ಸಡಿಲ ಬಿಡ್ತದಾ ಅಂತ ನೋಡ್ಬೇಕು," ಎನ್ನುತ್ತ ಪ್ಲಾಸಿಡ್ ಒಂದು ಪೆಟ್ಟಿಗೆಯ ಬಾಗಿಲು ಸರಿಸಿದ. "ಇದು ಸ್ಟಿಮ್ಸನ್ ಹೆಬ್ಬಾವು. ಹೆಬ್ಬಾವು ಅಂತ ಹೆಸರು ಮಾತ್ರ, ಒಂದು ಮೀಟರಿನಷ್ಟೇ ಬೆಳೆಯುದು. ವಿಷ ಇಲ್ಲ. ಭಾರೀ ಪಾಪದ್ದು. ಯಾರು ಹಿಡೀತೀರಿ?"

ಉದಯಶಂಕರ ಬಾರದ ಫೋನೊಂದನ್ನು ಕಿವಿಗಿಟ್ಟುಕೊಂಡು ಎರಡು ಹೆಜ್ಜೆ ಹಿಂದೆ ಸರಿದ. ದಾಕ್ಷಾಯಣಮ್ಮ ಮುಗಿದ ಕೈಯನ್ನು ಇನ್ನೂ ಮೇಲಕ್ಕೆತ್ತಿದರು. ಪ್ರಣತಿಗೆ ಹಾವೆಂದರೆ ಸಣ್ಣವಳಿದ್ದಾಗಿನಿಂದ ಜೀವಭಯ. ಆಗಲ್ಲ ಎನ್ನಲು ಬಾಯಿ ತೆರೆದಳು. ಅತ್ತೆ ಒಮ್ಮೆ ನೋಡಿದರು. ಕೈ ಚಾಚಿದಳು. ಅವಳ ಸಂಸಾರ ಏಳು ವರ್ಷದಿಂದ ನಡೆದು ಬಂದಿರುವುದೇ ಹೀಗೆ.

ತಣ್ಣಗಿನ, ಒಣಗಿದ ಮೈ. ಬೆರಳುಗಳ ಸಂದಿಯಲ್ಲಿ ನಿಧಾನವಾಗಿ ಹರಿದು ಮಣಿಕಟ್ಟಿನ ಹತ್ತಿರ ನಿಂತಿತು. ಅವಳು ಉಸಿರು ಬಿಟ್ಟಳು.

"ನೋಡು, ನಿನ್ನನ್ನ ಇಷ್ಟಪಡ್ತಿದೆ," ಎಂದ ಉದಯಶಂಕರ, ದೂರದಿಂದ.

"ಇಷ್ಟ ಎಲ್ಲ ಎಂತದೂ ಇಲ್ಲ ಮಾರಾಯ್ರೆ," ಪ್ಲಾಸಿಡ್ ನಕ್ಕ. "ಪಾಪದ್ದು ಅಂದ್ರೆ ಸಹಿಸ್ತದೆ, ಅಷ್ಟೇ. ಓಡ್ಲಿಕ್ಕೆ ಜಾಗ ಇಲ್ಲ ಅಂತ ಅದಕ್ಕೆ ಗೊತ್ತುಂಟು."

"ಸಾಧು ಸ್ವಭಾವದ್ದೇ ಬೇಕು ನಮಗೆ. ಇದೇ ಇರಲಿ," ಎಂದು ದಾಕ್ಷಾಯಣಮ್ಮ ತೀರ್ಮಾನ ಕೊಟ್ಟರು.

ಆಮೇಲೆ ಊಟದ ಮಾತು ಬಂತು. ಹತ್ತು ಹದಿನೈದು ದಿನಕ್ಕೊಂದು ಇಲಿ. ಫ್ರೀಜರಿನದ್ದನ್ನು ಬಿಸಿನೀರಿನಲ್ಲಿಟ್ಟು ಕೊಡಬೇಕು. ತಿಂದ ಮೇಲೆ ಎರಡು ದಿನ ಮುಟ್ಟಲೇಬಾರದು, ಮುಟ್ಟಿದರೆ ಕಕ್ಕುತ್ತದೆ ಎಂದೆಲ್ಲ ಪ್ಲಾಸಿಡ್ ಹೇಳುತ್ತಿದ್ದಂತೆ ದಾಕ್ಷಾಯಣಮ್ಮ ಕಿವಿ ಮುಚ್ಚಿಕೊಂಡರು. "ಶಿವ ಶಿವ! ನಮ್ಮ ಮನೆ ಹೊಸ್ತಿಲು ಮೊಟ್ಟೆ ಕೂಡ ದಾಟಿಲ್ಲ. ಹಾಲಿಡ್ತೀವಿ, ಕುಡ್ಕೊಂಡಿರತ್ತೆ."

"ಹಾವು ಹಾಲು ಕುಡಿಯುದಿಲ್ಲ ಆಂಟಿ."

"ನಿಮ್ಮ ಹಾವು ಕುಡಿಯಲ್ವೇನೋಪ್ಪ. ನಮ್ಮ ನಾಗಪ್ಪ ಕುಡಿಯತ್ತೆ."

ಇನ್ನೇನು ವಾದ ಮಾಡುವುದು! ಹೊರಡುವಾಗ ಪ್ಲಾಸಿಡ್ ಇಲಿಗಳಿದ್ದ ಒಂದು ಪೊಟ್ಟಣವನ್ನು ಸದ್ದಿಲ್ಲದೆ ಪ್ರಣತಿಯ ಬ್ಯಾಗಿಗೆ ಸೇರಿಸಿದ. "ಉಪವಾಸ ಹಾಕ್ಬೇಡಿ ಅಕ್ಕ," ಎಂದ. ಮನೆಗೆ ಬಂದ ಮೇಲೆ ಅವಳು ಅದನ್ನು ತಮ್ಮ ಗ್ಯಾರೇಜಿನ ಹಳೆಯ ಫ್ರೀಜರಿನಲ್ಲಿ, ಖಾಲಿಯಾದ ಬಟಾಣಿ ಪ್ಯಾಕೆಟ್ಟಿನೊಳಗೆ ಬಚ್ಚಿಟ್ಟಳು. ಮೊದಲೇ ಒಂದು ಗುಟ್ಟು ಹೊತ್ತವಳಿಗೆ ಇದು ಎರಡನೆಯದು.

ಮೊದಲನೆಯದು ಯಾವುದು ಎಂದರೆ, ಮಕ್ಕಳಾಗದಿರುವುದಕ್ಕೆ ಕಾರಣ ಪ್ರಣತಿಯಲ್ಲ, ಉದಯಶಂಕರ. ಆರು ವರ್ಷದ ಹಿಂದೆ ಬ್ರಿಸ್ಬೇನಿನಲ್ಲಿ ಡಾಕ್ಟರು ಇಬ್ಬರನ್ನೂ ಪರೀಕ್ಷಿಸಿ ಖಂಡಿತವಾಗಿ ಹೇಳಿದ್ದರು. ಔಷಧಿಯಿಂದ ಸರಿಹೋಗುವಂಥದ್ದಲ್ಲ ಎಂದೂ ಹೇಳಿದ್ದರು. ಅವತ್ತು ಅಲ್ಲಿನ ಫೋರ್ಟಿಟ್ಯೂಡ್ ವ್ಯಾಲಿ ಬಡಾವಣೆಯ ಅಪಾರ್ಟ್‌ಮೆಂಟಿನಲ್ಲಿ ಅವನು ಅವಳ ಮಡಿಲಲ್ಲಿ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತ. "ಅಮ್ಮನಿಗೆ ನಾನೇ ಹೇಳ್ತೀನಿ ಕಣೆ, ಸ್ವಲ್ಪ ಟೈಮ್ ಕೊಡು. ಅಲ್ಲಿವರೆಗೂ ಯಾರಿಗೂ ಬಾಯಿ ಬಿಡಲ್ಲ ಅಂತ ನನ್ನ ತಲೆ ಮುಟ್ಟಿ ಆಣೆ ಮಾಡು." ಮಾಡಿದಳು. ಅವನ ಮೇಲೆ ಪ್ರೀತಿಯಿತ್ತು, ಅಯ್ಯೋ ಅನಿಸಿತ್ತು.

ಟೈಮ್ ಕೊಟ್ಟಳು, ಸ್ವಾಮಿ. ಬ್ರಿಸ್ಬೇನಿನಲ್ಲೇ ಎರಡು ವರ್ಷ ಕೊಟ್ಟಳು. ಬ್ರಿಸ್ಬೇನ್ ಬಿಡುವ ಮೊದಲು ಹೇಳುತ್ತೇನೆ ಎಂದವನು ಅಡಿಲೇಡಿಗೆ ಹೋಗಿ ಹೇಳುತ್ತೇನೆ ಎಂದ. ಅಡಿಲೇಡಿನಲ್ಲಿ ಅತ್ತೆ ಕೊರಿಯರಿನಲ್ಲಿ ಕಳಿಸಿದ ಕಷಾಯದ ಪುಡಿಯನ್ನು ಅವಳು ಮೂರು ಹೊತ್ತು ಕುಡಿದು ಹೊಟ್ಟೆ ಕೆಡಿಸಿಕೊಂಡಳು, ಹದಿನಾರು ಸೋಮವಾರ ಒಪ್ಪೊತ್ತು ಮಾಡಿದಳು. ಅವನು ಎದುರಿಗೆ ಕೂತು ದೋಸೆ ತಿನ್ನುತ್ತಿದ್ದ. ಮಗುವೊಂದನ್ನು ದತ್ತು ತಗೊಳ್ಳೋಣ ಎಂದರೆ ಅಮ್ಮ ಒಪ್ಪಲ್ಲ ಎಂದ. ಪರ್ತಿಗೆ ಬಂದರು, ಅಮ್ಮನೇ ಬಂದು ಜೊತೆಯಲ್ಲಿ ಕೂತರು. ಹಗಲಿಡೀ ಅತ್ತೆಯ ಕಣ್ಣೆದುರಿಗಿರಬೇಕೆಂದು ಪ್ರಣತಿ ಮೂರನೆಯ ಸಲ ಕೆಲಸ ಬಿಟ್ಟಳು. ತವರಿಗೆ ಫೋನ್ ಮಾಡಿದರೆ ತಾಯಿ, "ಅತ್ತೆ ಹೇಳ್ದಂಗೆ ಕೇಳು, ಒಳ್ಳೇದಾಗತ್ತೆ" ಎನ್ನುತ್ತಿದ್ದರು. ಅವರಿಗೂ ನಿಜ ಗೊತ್ತಿಲ್ಲವಲ್ಲ! ಅವಳಿಗೆ ಬೇಕಾಗಿದ್ದದ್ದು ಗಂಡನ ಬಾಯಿಂದ ಒಂದೇ ಒಂದು ವಾಕ್ಯ. ಅಮ್ಮ, ತೊಂದರೆ ಇರೋದು ನನ್ನಲ್ಲಿ. ಅಷ್ಟು ಹೇಳಿದರೆ ಅವಳು ಆಣೆಯಿಂದ ಬಿಡುಗಡೆ.

ಮಂಡಲ ಶುರುವಾಯಿತು. ಪರ್ತಿನ ಚಳಿಗಾಲ. ಬೆಳಿಗ್ಗೆ ಆರಕ್ಕೆ ತಲೆಗೆ ಸ್ನಾನ, ಒದ್ದೆ ಕೂದಲಲ್ಲೇ ಹಾವಿನ ಪೆಟ್ಟಿಗೆಗೆ ಹನ್ನೊಂದು ಸುತ್ತು, ಮಧ್ಯಾಹ್ನದವರೆಗೆ ನೀರು ಬಿಟ್ಟರೆ ಏನೂ ಇಲ್ಲ. ಪೆಟ್ಟಿಗೆ ಇಟ್ಟಿದ್ದದ್ದು ಮೂರನೇ ಬೆಡ್‌ರೂಮಿನಲ್ಲಿ. ಮನೆ ಕೊಂಡಾಗ ಉದಯಶಂಕರ ಅದನ್ನು ಮಕ್ಕಳ ರೂಮು ಎಂದು ಎಲ್ಲರಿಗೂ ತೋರಿಸಿದ್ದ. ಅತ್ತೆ ಬೆಳ್ಳಿ ಬಟ್ಟಲಲ್ಲಿ ಹಾಲಿಡುವುದು, ಪ್ರಣತಿ ಸಿಂಕಿಗೆ ಚೆಲ್ಲಿ ಖಾಲಿ ಬಟ್ಟಲು ತೋರಿಸುವುದು, ಅತ್ತೆ ಕೆನ್ನೆ ಕೆನ್ನೆ ಬಡಿದುಕೊಳ್ಳುವುದು. ಅವರು ಮಧ್ಯಾಹ್ನ ಮಲಗಿದಾಗ ಅವಳು ಬಟಾಣಿ ಪ್ಯಾಕೆಟ್ ಬಿಚ್ಚುತ್ತಿದ್ದಳು. ಚಳಿಗೋ ಏನೋ ಹಾವು ಮೂಸಿಯೂ ನೋಡುತ್ತಿರಲಿಲ್ಲ. ಹೆದರಿಕೆ ಮಾತ್ರ ಯಾವಾಗ ಹೋಯಿತೋ ಅವಳಿಗೆ ತಿಳಿಯಲಿಲ್ಲ. ಒಮ್ಮೊಮ್ಮೆ ಅರ್ಧ ಗಂಟೆ ಅದನ್ನು ಕೈಯಲ್ಲಿಟ್ಟುಕೊಂಡು ಸುಮ್ಮನೆ ಕೂತಿರುತ್ತಿದ್ದಳು. ಆ ಮನೆಯಲ್ಲಿ ಅವಳನ್ನು ಏನೂ ಕೇಳದಿದ್ದ ಜೀವ ಅದೊಂದೇ.

"ಯಾವಾಗ ಹೇಳ್ತೀರಿ?" ಎಂದು ಗಂಡನನ್ನು ಕೇಳಿದಳು.

"ಮಂಡಲ ಮುಗೀಲಿ. ಮಧ್ಯದಲ್ಲಿ ಹೇಳಿದ್ರೆ ಅಮ್ಮ ಕುಸಿದುಹೋಗ್ತಾರೆ."

"ನಾನು?"

"ನೀನು ಸ್ಟ್ರಾಂಗ್ ಕಣೆ," ಎಂದ. ಇಂಥ ಹೊಗಳಿಕೆಗೆ ಬೆಂಕಿ ಬೀಳಲಿ!

ನಲವತ್ತೆಂಟನೆಯ ದಿನ ಸರಿಯಾಗಿ ನಾಗರಪಂಚಮಿಗೆ ಬೀಳುವಂತೆ ದಾಕ್ಷಾಯಣಮ್ಮ ಲೆಕ್ಕ ಹಾಕಿದ್ದರು. ಹಿಂದಿನ ದಿನ ಮಗನನ್ನು ಕರೆದುಕೊಂಡು ಎಳ್ಳು, ಬೆಲ್ಲ, ಅರಳು ತರಲು ಹೋದರು. ಮನೆ ಖಾಲಿ. ಪ್ರಣತಿ ಬಿಸಿನೀರಿನಲ್ಲಿಟ್ಟ ಇಲಿಯನ್ನು ಇಕ್ಕಳದಲ್ಲಿ ಹಿಡಿದಳು. ಹಾವು ಈ ಸಲ ಛಕ್ಕನೆ ಎಳೆದುಕೊಂಡಿತು. ಅಬ್ಬ! ಅವಳಿಗೆ ಎಷ್ಟು ಸಂತೋಷವಾಯಿತೆಂದರೆ ಕಣ್ಣಲ್ಲಿ ನೀರು ಬಂತು. ಪೂಜೆಯನ್ನು ಪೆಟ್ಟಿಗೆಗೇ ಮಾಡುತ್ತಾರೆ, ಹಾವನ್ನು ಮುಟ್ಟುವ ಮಾತಿಲ್ಲ ಎಂಬ ಧೈರ್ಯ ಅವಳದು.

ಪಂಚಮಿಯ ಬೆಳಿಗ್ಗೆ ಹಾವಿನ ಪೆಟ್ಟಿಗೆಯನ್ನು ನಡುಮನೆಗೆ ತಂದಿಟ್ಟರು. ಕನ್ನಡ ಸಂಘದ ಮೂವರು ಹೆಂಗಸರು ಬಂದರು. ಮುಂದೆ ನಿಂತವಳು ಮಾಲವಿಕಾ, ಎರಡು ಬೀದಿ ಆಚೆಯವಳು, ತಂಬಿಟ್ಟಿನ ಡಬ್ಬಿ ಹಿಡಿದು ಬಂದಿದ್ದಳು. ಕಾಯಿ ಒಡೆದಾಯಿತು, ಚಿಗಳಿ ನೈವೇದ್ಯವಾಯಿತು. ಆಗ ದಾಕ್ಷಾಯಣಮ್ಮ ಹಾಲಿನ ಗಿಂಡಿ ಎತ್ತಿಕೊಂಡು, "ಪ್ರಣತಿ, ನಾಗಪ್ಪನ್ನ ಆಚೆ ತೆಗಿ. ತಟ್ಟೇಲಿಟ್ಟು ತನಿ ಎರೀಬೇಕು," ಎಂದರು.

ಪ್ರಣತಿ ಪೆಟ್ಟಿಗೆಗೆ ಅಡ್ಡ ನಿಂತಳು. "ಅತ್ತೆ, ಇವತ್ತು ಮುಟ್ಟೋದು ಬೇಡ."

"ಯಾಕೆ?"

ಯಾಕೆ ಎಂದು ಹೇಳಬೇಕು? ನಿನ್ನೆ ಇಲಿ ತಿಂದಿದೆ ಎನ್ನಲೇ? ಹಬ್ಬದ ದಿನ, ಮಡಿ ಸೀರೆಯ ಮುಂದೆ? ಗಂಡನ ಮುಖ ನೋಡಿದಳು. ಹಿಂದಿನ ರಾತ್ರಿಯೇ ಅವಳು ಹೇಳಿದ್ದರಿಂದ ಅವನಿಗೆ ಇಲಿಯ ವಿಷಯ ಗೊತ್ತಿತ್ತು. ಅವನು ಆರತಿ ತಟ್ಟೆಯ ಬತ್ತಿ ಸರಿಮಾಡುತ್ತಿದ್ದ.

"ಎಲ್ಲರೂ ಕಾಯ್ತಿದ್ದಾರೆ. ತೆಗಿ," ಎಂದರು ಅತ್ತೆ.

ತೆಗೆದಳು. ಅತ್ತೆ ತಣ್ಣಗಿನ ಹಾಲನ್ನು ಧಾರೆಯಾಗಿ ಸುರಿದರು. ಹಾವು ಮೈಯನ್ನೊಮ್ಮೆ ಹಿಂಡಿಕೊಂಡಿತು, ಬಾಯಿ ಅಗಲಿಸಿತು. ಅರ್ಧ ಕರಗಿದ ಇಲಿ ಬೆಳ್ಳಿ ತಟ್ಟೆಯಲ್ಲಿ, ಅರಿಸಿನ ಕುಂಕುಮದ ನಡುವೆ ಬಂದು ಬಿತ್ತು. ಆ ವಾಸನೆ! ಒಬ್ಬಾಕೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಾತ್‌ರೂಮಿಗೆ ಓಡಿದಳು.

ಪ್ರಣತಿ ಹಾವನ್ನು ಬೆಚ್ಚಗಿನ ಬಟ್ಟೆಯಲ್ಲಿ ಒರೆಸಿ ಪೆಟ್ಟಿಗೆಯೊಳಗೆ ಬಿಟ್ಟಳು. ಬೆನ್ನ ಹಿಂದೆ ದಾಕ್ಷಾಯಣಮ್ಮನ ದನಿ, ಎಲ್ಲರಿಗೂ ಕೇಳುವಂತೆ: "ನೋಡಿದ್ರಾ? ದೇವರಿಗೆ ಇಲಿ ತಿನ್ಸಿದ್ದಾಳೆ. ಇಂಥ ಪಾಪಿ ಹೊಟ್ಟೇಲಿ ಮಕ್ಕಳು ಹೇಗಾಗತ್ತೆ ಹೇಳಿ? ನನ್ನ ಮಗನ ಹಣೇಬರಹ, ಬಂಜೆ ಗಂಟುಬಿದ್ಲು."

ಉದಯಶಂಕರ ಮಾಪು ತರಲು ಬಟ್ಟೆ ಒಗೆಯುವ ರೂಮಿಗೆ ಹೋದ.

ಹೆಂಗಸರು ಹೇಗೋ ಹೊರಟುಹೋದರು. ಪ್ರಣತಿ ಕೈ ತೊಳೆದು ಬಂದು ನಡುಮನೆಯಲ್ಲಿ ನಿಂತಳು. ಅವನು ನೆಲ ಒರೆಸುತ್ತಿದ್ದ. ಹೇಳುತ್ತಾನೇನೋ ಎಂದು ಅವಳು ಒಂದು ನಿಮಿಷ ಕಾದಳು, ಇನ್ನೊಂದು ನಿಮಿಷ ಕಾದಳು. ಆಣೆ ಮುರಿದಳು.

"ಅತ್ತೆ, ತೊಂದರೆ ನನ್ನಲ್ಲಿಲ್ಲ. ಇವರಲ್ಲಿ. ಬ್ರಿಸ್ಬೇನಲ್ಲೇ ಡಾಕ್ಟರು ಹೇಳಿದ್ದಾರೆ. ಇವರಿಗೆ ಮಕ್ಕಳಾಗೋದು ಸಾಧ್ಯವಿಲ್ಲ."

ದಾಕ್ಷಾಯಣಮ್ಮ ಕುಸಿಯಲಿಲ್ಲ. ಸೋಫಾದ ಮೇಲೆ ಕೂತು, ಸೆರಗಿಗೆ ಸಿಡಿದ ಹಾಲನ್ನು ಒರೆಸಿಕೊಳ್ಳುತ್ತ, "ಗೊತ್ತು," ಎಂದರು.

ಮಾಪು ನಿಂತಿತು.

"ಹದಿನೈದನೇ ವಯಸ್ಸಲ್ಲಿ ಮಂಗನಬಾವು ಬಂದು ಕೆಳಗಿಳಿದಿತ್ತು ಅವನಿಗೆ. ಆಗಲೇ ಡಾಕ್ಟರು ನನ್ನ ಕರೆದು ಹೇಳಿದ್ರು, ಮುಂದೆ ಮಕ್ಕಳಾಗೋದು ಕಷ್ಟ ಆಗಬಹುದು ಅಂತ. ಅವನಿಗೆ ಗೊತ್ತಾದ್ರೆ ಎಲ್ಲಿ ನೊಂದ್ಕೋತಾನೋ ಅಂತ ನಾನು ಯಾರ ಹತ್ರಾನೂ ಉಸಿರೆತ್ತಲಿಲ್ಲ."

"ಗೊತ್ತಿದ್ದೂ..." ಪ್ರಣತಿ ಅವರ ಎದುರಿಗೆ ಬಂದು ನಿಂತಳು. "ಗೊತ್ತಿದ್ದೂ ನನಗೆ ಯಾಕೆ ಇದೆಲ್ಲ ಮಾಡ್ಸಿದ್ರಿ?"

"ಕೇಳೋ ಜನಕ್ಕೆ ಏನಾದ್ರೂ ಹೇಳ್ಬೇಕಲ್ಲಮ್ಮ? ಗಂಡಸಿನ ಮೇಲೆ ಬಂದ್ರೆ ಅವನು ತಲೆಯೆತ್ತಿ ಓಡಾಡೋಕಾಗತ್ತಾ? ಹೆಂಗಸು ಹೇಗೋ ತಡ್ಕೋತಾಳೆ. ಹದಿನಾಲ್ಕು ಹುಡುಗೀರನ್ನ ನೋಡಿದೆ ನಾನು. ಒಬ್ಬಳು ಎಂಎಸ್ ಮಾಡಿದ್ಲು, ಒಬ್ಬಳು ತುಂಬಾ ಮಾತಾಡ್ತಿದ್ಲು. ನೀನು ಕಾಫಿ ತಂದಿಟ್ಟು, ನಿಮ್ಮಪ್ಪ ಗದರಿದ್ರೂ ಪಿಟ್ಟೆನ್ನದೆ ನಿಂತಿದ್ದೆ. ಇವಳು ಎಲ್ಲಾನೂ ಹೊಟ್ಟೇಲಿಟ್ಕೋತಾಳೆ ಅಂತ ಅವತ್ತೇ ಒಪ್ಪಿದೆ."

ಉದಯಶಂಕರ ಮಾಪನ್ನು ಬಿಸಾಕಿ ಅಮ್ಮನ ಕಾಲಬಳಿ ಕುಸಿದು ಕೂತ. ನಲವತ್ತು ವರ್ಷದ ಗಂಡಸು ಮಗುವಿನ ಹಾಗೆ ಅಳತೊಡಗಿದ. "ಅಮ್ಮ, ನಿಂಗೆ ಗೊತ್ತಿತ್ತಾ? ನಾನೆಷ್ಟು ಹೆದರ್ಕೊಂಡಿದ್ದೆ ಗೊತ್ತಾ?" ಎಂದ. ಅವರು ಅವನ ತಲೆ ಸವರಿದರು. ಅವನ ಮುಖದಲ್ಲಿ ಪ್ರಣತಿ ಆರು ವರ್ಷದಿಂದ ಕಾಣದಿದ್ದ ನೆಮ್ಮದಿಯಿತ್ತು. ಅವಳ ಕಡೆ ಇಬ್ಬರೂ ತಿರುಗಿ ನೋಡಲಿಲ್ಲ. ಅವಳಿಗೆ ಅಳು ಬರಲಿಲ್ಲ, ಮೈಯೆಲ್ಲ ಉರಿದುಹೋಯಿತು.

"ಆಯ್ತು, ಆಗಿದ್ದು ಆಯ್ತು," ದಾಕ್ಷಾಯಣಮ್ಮ ಮಗನ ಕಣ್ಣೊರೆಸಿದರು. "ನಾಳೆಯಿಂದ ಇನ್ನೊಂದು ಮಂಡಲ ಶುರುಮಾಡೋಣ. ಇವತ್ತಿನದ್ದು ಕೆಟ್ಟೋಯ್ತು ಅಂತ ಜನಕ್ಕೂ ಗೊತ್ತಲ್ಲ."

ಬಾಗಿಲ ಬೆಲ್ ಆಯಿತು. ಮಾಲವಿಕಾ. "ಸಾರಿ ಆಂಟಿ, ಡಬ್ಬಿ ಮರೆತು ಹೋಗಿದ್ದೆ." ಒಳಗಿನವರ ಮುಖ ನೋಡಿ ಅವಳ ದನಿ ಇಳಿಯಿತು. "ಏನಾಯ್ತು ಪ್ರಣತಿ? ಬೇಜಾರ್ ಮಾಡ್ಕೋಬೇಡಿ, ಮುಂದಿನ ವರ್ಷ ಖಂಡಿತ..."

ತಾಯಿ ಮಗ ಇಬ್ಬರೂ ಈಗ ಪ್ರಣತಿಯನ್ನು ನೋಡಿದರು. ಇಬ್ಬರ ಕಣ್ಣಲ್ಲೂ ಹೆದರಿಕೆ.

"ಮುಂದಿನ ವರ್ಷಾನೂ ಆಗಲ್ಲ ಮಾಲವಿಕಾ," ಎಂದಳು. "ಉದಯ್‌ಗೆ ಮಕ್ಕಳಾಗಲ್ಲ. ನಂಗೇನೂ ತೊಂದರೆ ಇಲ್ಲ. ಇವರಿಬ್ಬರಿಗೂ ಮೊದಲಿಂದ ಗೊತ್ತಿತ್ತು."

"ಪ್ರಣತಿ!" ಉದಯಶಂಕರ ಎದ್ದು ನಿಂತ.

"ಮನೆ ಮಾತು ಮನೇಲಿರ್ಬೇಕು ಕಣೇ!" ಎಂದರು ದಾಕ್ಷಾಯಣಮ್ಮ. ಅವರ ದನಿ ಒಡೆದದ್ದು ಆಗ.

"ಇತ್ತಲ್ಲ ಅತ್ತೆ. ಇಷ್ಟು ವರ್ಷ ಇತ್ತು," ಎಂದಳು ಪ್ರಣತಿ. "ಪ್ಲಾಸಿಡ್‌ಗೆ ಫೋನ್ ಮಾಡ್ತೀನಿ, ಹಾವನ್ನ ವಾಪಸ್ ತಗೊಂಡು ಹೋಗ್ತಾರೆ. ಅಲ್ಲಿವರೆಗೂ ಯಾರೂ ಮುಟ್ಟಬೇಡಿ." ಆಮೇಲೆ ಮಾಲವಿಕಾಳ ಕಡೆ ತಿರುಗಿದಳು. ಈ ಊರಿನಲ್ಲಿ ಅವಳಿಗೆ ಸ್ವಂತದವರು ಅಂತ ಒಬ್ಬರೂ ಇರಲಿಲ್ಲ. ಮಾಲವಿಕಾಳ ಮನೆಗೆ ಇದುವರೆಗೆ ಎರಡೇ ಸಲ, ಅದೂ ಅರಿಸಿನ ಕುಂಕುಮಕ್ಕೆ, ಅತ್ತೆಯ ಹಿಂದೆ ಹೋಗಿದ್ದಳು.

"ಇವತ್ತೊಂದು ದಿನ ನಿಮ್ಮನೇಲಿ ಇರಬಹುದಾ?" ಎಂದು ಕೇಳಿದಳು.