ಖಾಲಿ ನಿಮಿಷಗಳ ದರಪಟ್ಟಿ

ನಲವತ್ತೇಳು ನಿಮಿಷ. ಎರಡು ವರ್ಷ ಕಳೆದರೂ ಆ ಲೆಕ್ಕ ಶಿವಕಾಂತಮ್ಮನ ಎದೆಯಲ್ಲಿ ಮುರಿದುಳಿದ ಜಾಲಿಮುಳ್ಳಿನಂತೆ ಕೂತಿತ್ತು. ಬೆಳಿಗ್ಗೆ ಕಲಬುರಗಿಯ ಗಾಜಿಪುರದ ಮನೆಯಿಂದ ಹೊರಟು ಹುಮನಾಬಾದ ಬಸ್ಸಿನ ಕಿಟಕಿಗೆ ತಲೆ ಆನಿಸಿದರೆ ಸಾಕು, ಮುಳ್ಳು ತಾನಾಗಿ ಅಲುಗಾಡುತ್ತಿತ್ತು. ಕಮಲಾಪುರದಲ್ಲಿ ಇಳಿಯುವ ತನಕ ಅದರ ಜೊತೆಗೇ ಅವಳ ಪ್ರಯಾಣ.

ಅವಳು ಕೆಲಸ ಮಾಡುತ್ತಿದ್ದದ್ದು ತೊಗರಿ ಮಾರಾಟದ ಒಂದು ಸಹಕಾರ ಸಂಘದಲ್ಲಿ. ಹೆಡ್ಡಾಫೀಸು ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ, ಶಾಖೆ ಕಮಲಾಪುರದಲ್ಲಿ. ಸಂಘದ ಕಾರ್ಯದರ್ಶಿ ಅಣವೀರಪ್ಪ 2004ರಲ್ಲಿ ಹೈದರಾಬಾದಿನ ಯಾವುದೋ ತರಬೇತಿಗೆ ಹೋಗಿದ್ದವನು ಅಲ್ಲಿಂದ ಹೊಸ ಸಾಫ್ಟ್‌ವೇರಿನ ಸುದ್ದಿ ತಂದಿದ್ದ. ಅದು ಪ್ರತಿ ಕಂಪ್ಯೂಟರಿನೊಳಗೆ ಕೂತು, ಎಷ್ಟು ಹೊತ್ತು ಕೀಲಿಮಣೆ ಮುಟ್ಟಲಿಲ್ಲ, ಎಷ್ಟು ಹೊತ್ತು ಮೌಸ್ ಕದಲಲಿಲ್ಲ ಎಂಬುದನ್ನು ಎಣಿಸುತ್ತಿತ್ತು. ಸಿಬ್ಬಂದಿ ಅದಕ್ಕೆ ಜಾಸೂಸ, ಅಂದರೆ ಗೂಢಚಾರ, ಎಂದು ಹೆಸರಿಟ್ಟರು. ಇಪ್ಪತ್ತಾರು ಕಂಪ್ಯೂಟರುಗಳಿಗೆ ಜಾಸೂಸ ಬಂತು. ಇಪ್ಪತ್ತೇಳನೆಯದು ಕಾರ್ಯದರ್ಶಿಯ ಕೋಣೆಯಲ್ಲಿತ್ತು, ಅದಕ್ಕೆ ಬರಲಿಲ್ಲ.

ತಿಂಗಳ ಐದನೇ ತಾರೀಖು ಮೀಟಿಂಗ್ ಹಾಲಿನಲ್ಲಿ ಎಲ್ಲರೂ ಸೇರಬೇಕು, ಶಾಖೆಯವರೂ ಬರಬೇಕು. ಜಾಸೂಸ ಕೊಟ್ಟ ಪಟ್ಟಿಯಲ್ಲಿ ಹೆಚ್ಚು ಖಾಲಿ ನಿಮಿಷದವರ ಹೆಸರು ಮೇಲೆ. ಅಣವೀರಪ್ಪ ಅದನ್ನು ಮುಂಚೆ ನೋಡುತ್ತಿರಲಿಲ್ಲ. ಹಾಲಿಗೆ ಬಂದ ಮೇಲೇ ಲಕೋಟೆ ಒಡೆಯುವನು. ಮೊದಲೇ ನೋಡಿದರೆ ಮಜಾ ಹೋಗುತ್ತದೆ ಎನ್ನುವನು.

ಎರಡು ವರ್ಷದ ಹಿಂದೆ, ಅವಳು ಇನ್ನೂ ಹೆಡ್ಡಾಫೀಸಿನಲ್ಲಿದ್ದಾಗ, ಒಡೆದ ಒಂದು ಲಕೋಟೆಯಲ್ಲಿ ಮೊದಲ ಹೆಸರು ಶಿವಕಾಂತಮ್ಮನದು. ಅವಳ ಒಂದು ದಿನವನ್ನು ಅವನು ಬಿಡಿಸಿ ಬಿಡಿಸಿ ಓದಿದ್ದ. "ಹದಿನಾಲ್ಕನೇ ತಾರೀಖು. ಹನ್ನೊಂದೂ ಇಪ್ಪತ್ತರಿಂದ ನಲವತ್ತೇಳ ನಿಮಿಷ ಒಂದ ಗುಂಡಿ ಒತ್ತಿಲ್ಲ. ಏನ್ರಿ, ನಿದ್ದಿ ಚಲೋ ಆಯ್ತಾ?"

ಹಾಲಿನಲ್ಲಿದ್ದವರೆಲ್ಲ ನಕ್ಕಿದ್ದರು. ಅವಳು ಎದ್ದು ನಿಂತಿದ್ದಳು. ಆ ನಲವತ್ತೇಳು ನಿಮಿಷ ಅವಳು ರಿಕಾರ್ಡ್ ರೂಮಿನ ಧೂಳಿನಲ್ಲಿ ಹಳೆಯ ಗೋದಾಮು ಬಾಡಿಗೆಯ ಕಡತ ಹುಡುಕುತ್ತಿದ್ದಳು. ಹುಡುಕಲು ಕಳಿಸಿದವನು ಅಣವೀರಪ್ಪನೇ. ಅವಳು ಅವನ ಮುಖ ನೋಡಿದಳು. ಅವನೂ ನೋಡಿದ. ಆ ಒಂದು ಗಳಿಗೆಯಲ್ಲಿ ಅವನಿಗೆ ಎಲ್ಲ ನೆನಪಾಗಿತ್ತು ಎಂಬುದರಲ್ಲಿ ಅವಳಿಗೆ ಸಂಶಯವಿರಲಿಲ್ಲ. ನೆನಪಾದ ಮೇಲೆ ಅವನು ಹಾಳೆ ತಿರುವಿದ. ಅವಳು ಕೂತುಬಿಟ್ಟಳು. ವಾರದೊಳಗೆ ಕಮಲಾಪುರಕ್ಕೆ ವರ್ಗ. ಸೇವಾ ಪುಸ್ತಕದಲ್ಲಿ ಒಂದು ಸಾಲು: ಕರ್ತವ್ಯದಲ್ಲಿ ಉದಾಸೀನ.

ಆಗ ಎಂಟನೇ ತರಗತಿಯಲ್ಲಿದ್ದ ಮಗಳು ಸಂಜೆ ತಾನೇ ಬೀಗ ತೆಗೆದು, ತಣ್ಣಗಾದ ರೊಟ್ಟಿ ತಿಂದು, ದೀಪ ಹಚ್ಚಿಕೊಂಡು ಕೂರುವುದನ್ನು ಕಲಿತಳು. ಶಿವಕಾಂತಮ್ಮ ಮಾತು ಕಡಿಮೆ ಮಾಡಿದಳು. ಅವಳಿಗೆ ಬೇಕಾಗಿದ್ದದ್ದು ಒಂದೇ: ಅದೇ ಹಾಲಿನಲ್ಲಿ, ಅದೇ ಜನರ ಮುಂದೆ, ನಾನೇ ಕಳಿಸಿದ್ದೆ ಎಂಬ ಮಾತು ಅವನ ಬಾಯಿಂದ ಬರಬೇಕು. ಬರುವ ತನಕ ಅವನು ಬೇಯಬೇಕು.

2006ರ ಆಗಸ್ಟಿನಲ್ಲಿ ಶಾಖೆಗೆ ಅಣವೀರಪ್ಪನ ಫೋನು ಬಂತು.

"ಶಿವಕಾಂತಮ್ಮನೋರ, ಜಾಸೂಸನ ರಿನಿವಲ್ ಬಂದದ. ಇಲ್ಲಿ ಯಾರಿಗೂ ತಖ್ತೆ ಸರಿ ಮಾಡಾಕ ಬರಂಗಿಲ್ಲ. ನೀವ ಮಾಡಿ ಕಳಿಸ್ರಿ."

ತಖ್ತೆಯೆಂದರೆ ಮೂರು ಅಂಗಡಿಯವರ ದರ, ಷರತ್ತುಗಳನ್ನು ಅಕ್ಕಪಕ್ಕ ಬರೆದ ಹಾಳೆ. ಹೆಡ್ಡಾಫೀಸಿನಲ್ಲಿದ್ದಾಗ ಅದು ಅವಳದೇ ಕೆಲಸ.

"ಹೂಂರಿ," ಎಂದಳು.

"ಕಡಿಮಿ ರೇಟಿನ ಕೆಳಗ ಕೆಂಪು ಗೆರಿ ಎಳೀರಿ. ನನಗ ಅಷ್ಟ ಸಾಕು."

ಶನಿವಾರ ಅವಳು ಸ್ಟೇಷನ್ ರಸ್ತೆಯ ಮಲಂಗಸಾಬನ ಕಂಪ್ಯೂಟರ್ ಅಂಗಡಿಗೆ ಹೋದಳು. ಸಂಘಕ್ಕೆ ಜಾಸೂಸನನ್ನು ಮಾರಿದವನು ಅವನೇ.

"ಬರ್ರಿ ಅಕ್ಕಾ! ಕಮಲಾಪುರದಿಂದ ಬರಿಗೈಲೆ ಬಂದೀರಿ? ಕೆಂಪ ಬಾಳಿಹಣ್ಣ ಎಲ್ಲಿ?"

"ಮುಂದಿನ ಸಲ ತರ್ತೀನಿ. ಮೊದಲ ರೇಟ್ ಹೇಳ್ರಿ."

"ಹ್ವಾದ ವರ್ಷದ್ದೇ. ಮಷಿನಿಗಿ ವರ್ಷಕ್ಕ ಸಾವಿರದ ಒಂಬೈನೂರು. ಇಪ್ಪತ್ತಾರಕ್ಕ ನಲವತ್ತೊಂಬತ್ತು ಸಾವಿರದ ನಾಕನೂರು."

"ಬ್ಯಾರೆ ಏನೂ ಇಲ್ಲೇನು?"

ಮಲಂಗಸಾಬ ಕಿವಿ ಕೆರೆದುಕೊಂಡ. "ಮೂವತ್ತು ಮಷಿನಿನ ಲೈಸೆನ್ಸ್ ಒಮ್ಮೆಲೇ ತಗೊಂಡ್ರ ನಲವತ್ತೆರಡು ಸಾವಿರ."

"ಇಪ್ಪತ್ತಾರಕ್ಕಿಂತ ಮೂವತ್ತು ಸೋವಿ? ಇದ್ಯಾವ ಹಿಸಾಬ್ರಿ?"

"ಕಂಪನಿ ಹಿಸಾಬ್ ಅಕ್ಕಾ, ನನ್ನ ಕೇಳಬ್ಯಾಡ್ರಿ. ಆದ್ರ ಶರ್ತು ಅದ. ಆ ಬಿಲ್ಡಿಂಗಿನಾಗ ಎಷ್ಟ ಮಷಿನ್ ಜೋಡಿಸ್ಯಾರ, ಎಲ್ಲಾಕ್ಕೂ ಹಾಕಬೇಕು. ಒಂದ ಬಿಟ್ರೂ ಬಿಡಿ ರೇಟೇ. ವರ್ಷದ ರೊಕ್ಕ ಮೊದಲ, ವಾಪಸ್ ಬಿಲ್‌ಕುಲ್ ಇಲ್ಲ." ಆಮೇಲೆ ದನಿ ಇಳಿಸಿದ. "ಅಂದ್ರ ನಿಮ್ಮ ಸಾಹೇಬರ ಮಷಿನ್ನೂ ಬರ್ತದ. ಅದಕ್ಕ ನಾ ಈ ಮಾತು ಎತ್ತಿದ್ದಿಲ್ಲ."

ಶಿವಕಾಂತಮ್ಮ ಚೀಲದಿಂದ ಹಾಳೆ ತೆಗೆದು ಎರಡೂ ಲೆಕ್ಕ ಅಕ್ಕಪಕ್ಕ ಬರೆದಳು.

"ಕೊಟೇಶನ್ ಬರೀರಿ," ಎಂದಳು. "ಶರ್ತು ಮೂಲ್ಯಾಗ ಸಣ್ಣಗ ಬರೀಬ್ಯಾಡ್ರಿ. ದೊಡ್ಡ ಅಕ್ಷರದಾಗ ಬರೀರಿ."

"ಅವ್ರು ನೋಡಿದ್ರ ಒಪ್ಪಂಗಿಲ್ಲ."

"ನೋಡಿದ್ರ ಅಲ್ಲೇನ್ರಿ."

ಸೋಲಾಪುರದವರ ದರ ಬಂತು, ಹೈದರಾಬಾದಿನವರದೂ ಬಂತು; ಎರಡೂ ಐವತ್ತು ಸಾವಿರ ದಾಟಿದ್ದವು. ಅವಳು ತಖ್ತೆ ಮಾಡಿದಳು. ಒಂಬತ್ತನೇ ಕಾಲಮ್ಮಿನಲ್ಲಿ ಷರತ್ತು ಬರೆದಳು: ಕಾರ್ಯದರ್ಶಿಯವರ ಕೋಣೆಯ ಕಂಪ್ಯೂಟರೂ ಸೇರಿ ಎಲ್ಲ ಇಪ್ಪತ್ತೇಳು ಕಂಪ್ಯೂಟರುಗಳಿಗೆ ಅಳವಡಿಸತಕ್ಕದ್ದು. ಒಂದಕ್ಷರ ಮುಚ್ಚಿಡಲಿಲ್ಲ. ನಲವತ್ತೆರಡು ಸಾವಿರದ ಕೆಳಗೆ ಸ್ಕೇಲಿಟ್ಟು ಕೆಂಪು ಗೆರೆ ಎಳೆದಳು. ಅವನು ಓದಿ ತಿರಸ್ಕರಿಸಿದರೆ ಅವಳು ಸೋತಂತೆ. ಆ ಸೋಲಿಗೂ ಅವಳು ತಯಾರಾಗಿದ್ದಳು. ಮೋಸ ಮಾಡಿ ಗೆದ್ದಳು ಎಂಬ ಮಾತನ್ನು ಮಾತ್ರ ಅವನ ಕೈಗೆ ಕೊಡಲು ತಯಾರಿರಲಿಲ್ಲ.

ಮೂರನೇ ದಿನ ಫೈಲು ವಾಪಸು ಬಂತು. ಕೆಂಪು ಗೆರೆಯ ಪಕ್ಕದಲ್ಲೇ ಅವನ ಸಹಿ, ಕೆಳಗೆ 'ಉತ್ತಮ ಉಳಿತಾಯ' ಎಂಬ ಷರಾ. ಆಗಸ್ಟಿನ ಕೊನೆಯ ಭಾನುವಾರ ಮಲಂಗಸಾಬನ ಕಡೆಯವರು ಬಂದು ಮುಖ್ಯ ಯಂತ್ರದಿಂದಲೇ ಇಪ್ಪತ್ತೇಳಕ್ಕೂ ಜಾಸೂಸನನ್ನು ಇಳಿಸಿ ಹೋದರು.

ಅಕ್ಟೋಬರ್ ಐದು; ಇಪ್ಪತ್ತೇಳೂ ಕಂಪ್ಯೂಟರುಗಳು ಸೇರಿದ ಮೊದಲ ಪೂರ್ತಿ ತಿಂಗಳ ಪಟ್ಟಿ. ಸಂಘದ ಅಧ್ಯಕ್ಷ ದೌಲಪ್ಪ ಎಂದಿನಂತೆ ಮುಂದಿನ ಕುರ್ಚಿಯಲ್ಲಿ ಅರೆನಿದ್ದೆಯಲ್ಲಿದ್ದರು. ಅಣವೀರಪ್ಪ ಲಕೋಟೆ ಎತ್ತಿ ಎಲ್ಲರಿಗೂ ತೋರಿಸಿದ.

"ಈ ತಿಂಗಳ ಮಹಾರಾಜ ಯಾರು ನೋಡೋಣು."

ಒಡೆದ. ನೋಡಿದ. ಅವನ ಕಣ್ಣು ಹಾಳೆಯ ಮೇಲೆ ಒಂದು ಸಾಲು ಕೆಳಗಿಳಿದದ್ದು ಶಿವಕಾಂತಮ್ಮನಿಗೆ ಕೊನೆಯ ಬೆಂಚಿನಿಂದಲೇ ತಿಳಿಯಿತು. ಅವನು ಲೆಕ್ಕ ವಿಭಾಗದ ಜಯತೀರ್ಥನ ಹೆಸರು ಓದತೊಡಗಿದ.

ಅವಳು ಎದ್ದು ನಿಂತಳು.

"ಮೊದಲಿಂದ ಓದ್ರಿ, ಸಾಹೇಬ್ರ."

ಎರಡು ವರ್ಷದಲ್ಲಿ ಆ ಹಾಲಿನಲ್ಲಿ ಅವಳು ಆಡಿದ ಮೊದಲ ಮಾತು ಅದು. ದೌಲಪ್ಪ ಕಣ್ಣು ಬಿಟ್ಟರು. "ಏನದ? ಕೊಡಿಲ್ಲಿ." ಕನ್ನಡಕ ಏರಿಸಿ, ಏನೂ ಅರಿಯದವರಂತೆ ಗಟ್ಟಿಯಾಗಿ ಓದಿದರು: "ಅಣವೀರಪ್ಪ, ಕಾರ್ಯದರ್ಶಿ. ಖಾಲಿ ನಿಮಿಷ ಏಳು ಸಾವಿರದ ಎರಡನೂರಾ ಹನ್ನೊಂದು. ಅರೇ, ಅಣವೀರಪ್ಪ, ಇದು ನೀನ ಅಲ್ಲೇನೋ?"

ಹಿಂದೆ ಯಾರೋ ನಕ್ಕು, ನಗುವನ್ನು ಕೆಮ್ಮಾಗಿ ತಿರುಗಿಸಿಕೊಂಡರು.

"ನಂದು ಸಹಿ ಮಾಡೂ ಕೆಲಸರಿ," ಅಣವೀರಪ್ಪನ ಕುತ್ತಿಗೆ ಕೆಂಪಾಗಿತ್ತು. "ಮಂದಿ ಬರ್ತಾರ, ಮಾತಾಡ್ಬೇಕು, ಗೋದಾಮಿಗಿ ಹೋಗ್ಬೇಕು. ಮಷಿನ್ ಮುಟ್ಟಿಲ್ಲಂದ್ರ ಖಾಲಿ ಕುಂತಾನ ಅಂತೇನ್ರಿ?"

ಎರಡು ವರ್ಷ ಆ ಮಾತು ಹೇಳಲು ಒಬ್ಬೊಬ್ಬರೂ ಬಾಯಿ ತೆರೆದು ಮುಚ್ಚಿದ್ದರು. ಈಗ ಅದನ್ನು ಅವನ ಬಾಯಿಂದಲೇ ಕೇಳಿ ನಲವತ್ತು ಜನ ನೆಲ ನೋಡುತ್ತ ಕೂತರು. ಆ ಮೌನ ಶಿವಕಾಂತಮ್ಮನಿಗೆ ಹಸಿದ ಹೊಟ್ಟೆಗೆ ಬಿಸಿ ಅನ್ನ ಬಿದ್ದಂತಾಯಿತು.

ಮೀಟಿಂಗ್ ಮುಗಿದ ಮೇಲೆ ಅವನು ಅವಳನ್ನು ಕೋಣೆಗೆ ಕರೆಸಿದ. ಮೇಜಿನ ಮೇಲೆ ತಖ್ತೆ ಬಿಚ್ಚಿಕೊಂಡಿತ್ತು.

"ಇದು ನೀವ ಮಾಡಿದ್ದು."

"ಸಹಿ ನಿಮ್ದ ಅದರಿ."

"ನನ್ನ ಮಷಿನ್ ತಗಸ್ರಿ."

"ತಗಸಿದ್ರ ಉಳದ ಇಪ್ಪತ್ತಾರಕ್ಕ ಬಿಡಿ ರೇಟ್ ಆಗ್ತದ. ಏಳು ಸಾವಿರದ ನಾಕನೂರು ಹೆಚ್ಚಿಗಿ. ಆಡಿಟ್‌ನವರಿಗಿ ಏನಂತ ಬರೀಲಿ?"

"ಎಲ್ಲಾ ಬಂದ್ ಮಾಡಿಬಿಡಮು."

"ನಲವತ್ತೆರಡು ಸಾವಿರ ಕಟ್ಟೇವ್ರಿ. ವಾಪಸಿಲ್ಲ. ಅಧ್ಯಕ್ಷರನ್ನ ಕೇಳಿ ನೋಡ್ರಿ."

ಅವನು ಕುರ್ಚಿಗೆ ಒರಗಿದ. ದನಿ ಮೆತ್ತಗಾಯಿತು. "ಶಿವಕಾಂತಮ್ಮನೋರ, ಮಗಳು ಎಸ್ಸೆಸ್ಸೆಲ್ಸಿ ಅಲ್ಲೇನು? ಇಲ್ಲಿಗೇ ಬರ್ರಿ. ನಾಳೆನೇ ಆರ್ಡರ್ ಮಾಡ್ತೀನಿ. ಏನರೆ ಮಾಡಿ ಇದೊಂದು ಹೊರಗ ತಗೀರಿ."

ಮಗಳ ಒಂಟಿ ದೀಪ ಅವಳ ಕಣ್ಣ ಮುಂದೆ ಬಂತು. ಹೂಂ ಎಂದರೆ ನಾಳೆಯಿಂದ ಬಸ್ಸಿಲ್ಲ. ಹೂಂ ಅನ್ನುವುದು ನಾಲಿಗೆಯ ತುದಿಯವರೆಗೂ ಬಂದಿತ್ತು.

"ಆರ್ಡರ್ ಬ್ಯಾಡ್ರಿ. ಒಂದ ಮಾತ ಸಾಕು. ಹಾಲಿನಾಗ, ಎಲ್ಲಾರ ಮುಂದ. ಆ ನಲವತ್ತೇಳ ನಿಮಿಷ ನೀವ ನನ್ನ ಕಳಿಸಿದ್ರಿ ಅಂತ ಹೇಳ್ರಿ. ಹೆಚ್ಚಿನ ರೊಕ್ಕಕ್ಕ ಕಾರಣ ಬರಿಯೂದು ನನ್ನ ಪಾಲಿಗಿರಲಿ."

ಅವನು ಪೇಪರ್‌ವೇಟು ತಿರುಗಿಸಿದ. ಅದು ತಿರುಗಿ ತಿರುಗಿ ನಿಂತಿತು. ಮತ್ತೆ ತಿರುಗಿಸಿದ. ಅವಳು ಕಾದಳು. ಕಾಯುವುದರಲ್ಲಿ ಈಗ ಅವಳಷ್ಟು ಪಳಗಿದವರು ಆ ಸಂಘದಲ್ಲಿ ಬೇರೆ ಯಾರೂ ಇರಲಿಲ್ಲ.

"ಗೋದಾಮಿನ ಕಡತದ ಮಾತು ನನಗ ನೆನಪಿಲ್ಲ," ಎಂದ.

ಅವಳು ಕಡತದ ಹೆಸರೆತ್ತಿರಲಿಲ್ಲ. ಅವನಿಗೂ ಅದು ಹೊಳೆದಿರಬೇಕು. ಪೇಪರ್‌ವೇಟಿನ ಮೇಲೆ ಕೈ ಹಾಗೇ ಉಳಿಯಿತು. ಒಂದೇ ಒಂದು ವಾಕ್ಯ ಹೇಳುವುದಕ್ಕಿಂತ ವರ್ಷವಿಡೀ ಸುಡುವುದೇ ವಾಸಿ ಎಂದು ಅವನು ನಿಶ್ಚಯಿಸಿದ್ದ. ಅವಳ ಒಳಗೆ ಅಳುಕುತ್ತಿದ್ದದ್ದೇನೋ ಆಗ ಗಟ್ಟಿಯಾಗಿ ಹೆಪ್ಪುಗಟ್ಟಿತು.

"ಇನ್ನೂ ಹನ್ನೊಂದು ಮೀಟಿಂಗ್ ಅವರಿ. ನೆನಪಾದಾಗ ಹೇಳ್ರಿ," ಎಂದು ಹೊರಬಂದಳು.

ದೌಲಪ್ಪನವರಿಗೆ ಪಟ್ಟಿ ಓದುವ ರುಚಿ ಹತ್ತಿತು. ನವೆಂಬರಿನಿಂದ ಲಕೋಟೆ ಒಡೆಯುವವರು ಅವರೇ. ನವೆಂಬರಿನಲ್ಲಿ ಅಣವೀರಪ್ಪನ ಹೆಸರು ನಾಲ್ಕನೆಯದು, ಡಿಸೆಂಬರಿನಲ್ಲಿ ಕಟ್ಟಕಡೆಯದು. ಅದು ಹೇಗೆ ಎಂದು ತಿಳಿದದ್ದು ಜನವರಿಯಲ್ಲಿ, ಹೆಡ್ಡಾಫೀಸಿನ ಕಸ ಗುಡಿಸುವ ಸಾಬಮ್ಮ ಸಂತೆಗೆಂದು ಕಮಲಾಪುರಕ್ಕೆ ಬಂದಾಗ.

"ಯಕ್ಕಾ, ಸಾಹೇಬರಿಗಿ ಏನಾಗ್ಯಾದೋ! ಹೊತ್ತು ಮುಳಗೂತನಕ ಒಂದ ಗುಂಡಿ ಟಕ್ ಟಕ್ ಒತ್ತಕೋತ ಕುಂತಿರ್ತಾರ. ಮಂದಿ ಬಂದ್ರೂ ಗುಂಡಿ ಮ್ಯಾಲಿಂದ ಬೆರಳು ತಗ್ಯಂಗಿಲ್ಲ. ಚಾ ಎಡಗೈಲೆ ಕುಡೀತಾರ. ಮನ್ನಿ ಕೈಗಿ ಪಟ್ಟಿ ಕಟ್ಟಗೊಂಡು ಬಂದಿದ್ರು."

"ಯಾವ ಗುಂಡಿ?"

"ಕೆಳಗ ಉದ್ದಂದು ಇರ್ತದಲ್ಲ, ಅದು. ಪಾಪ, ಅದು ಎಂದ ಮುಗೀತದ ಯಕ್ಕಾ?"

"ಆಗಸ್ಟಿಗಿ," ಎಂದಳು ಶಿವಕಾಂತಮ್ಮ. "ಆವಾಗ ಮತ್ತ ರೇಟ್ ತರಸ್ತಾರ. ತಖ್ತೆ ಮಾಡಾಕಿ ನಾನ."